ಶಿದ್ರಾಮ ಕಾಕಾನ ಸಣ್ಣ ಸಂಪು

ಮೂಡಲಗಿ ಬಸ್ ಸ್ಟ್ಯಾಂಡಿಗೆ ಬಂದು ಹೋಗುವವರಿಗೆಲ್ಲ ಶಿದ್ರಾಮ ಕಾಕಾನ ದನಿ ಗೊತ್ತು, ಮುಖ ಗೊತ್ತಿಲ್ಲ. "ಗೋಕಾಕ ಮಾರ್ಗವಾಗಿ ಹುಕ್ಕೇರಿಗೆ ಹೋಗುವ ಬಸ್ಸು..." ಎಂದು ಮೈಕಿನಲ್ಲಿ ಅವನು ಶುರು ಮಾಡಿದನೆಂದರೆ ಬಾಳೆಹಣ್ಣಿನ ಗಾಡಿಯವರೂ ತಲೆ ಎತ್ತಿ ನೋಡುತ್ತಾರೆ. ನೋಡುವುದು ಬಸ್ಸನ್ನು. ಕಂಟ್ರೋಲರ್ ಕಿಟಕಿಯ ಹಿಂದೆ ಕೂತ ಅವನ ಹತ್ತಿರ ದಿನವಿಡೀ ಮಂದಿ ಬಂದು ಮಾತಾಡುತ್ತಾರೆ ನಿಜ, ಆದರೆ ಎಲ್ಲರದೂ ಒಂದೇ ಮಾತು: "ಬಸ್ ಹೋತೇನ್ರಿ?" ಹೋಗಿದ್ದರೆ ಬೈಯುತ್ತಾರೆ, ಹೋಗಿಲ್ಲದಿದ್ದರೆ ಓಡುತ್ತಾರೆ. ಹೇಗಾದರೂ ಮಾತು ಅಲ್ಲಿಗೆ ಮುಗಿಯುತ್ತದೆ.

ಮನೆಗೆ ಬಂದರೆ ಅಷ್ಟೂ ಇಲ್ಲ. ಅವನ ಮನೆ ನಮ್ಮ ಮನೆಯ ಎದುರಿಗೇ ಇದೆ. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಕಿಟಕಿಯ ಹತ್ತಿರ ಕೂತು ಸೀರೆಗೆ ಫಾಲ್ ಹಚ್ಚುವವಳು. ನನಗೆ ಕಾಣಿಸದೆ ಆ ಮನೆಯೊಳಗೆ ಯಾರೂ ಹೋಗಲಾರರು. ಕಾಕಾನಿಗೆ ಮದುವೆಯಾಗಿಲ್ಲ. ಅವನ ತಾಯಿ ಕಾಶೆವ್ವಜ್ಜಿ ತೀರಿಕೊಂಡ ದಿನ ಓಣಿಯೆಲ್ಲ ಅಲ್ಲಿ ನೆರೆದಿತ್ತು. ಚಪ್ಪಲಿ ಬಿಡಲು ಜಾಗವಿರಲಿಲ್ಲ. ಆಮೇಲೆ ಆ ಹೊಸ್ತಿಲು ದಾಟಿದವರು ಹಾಲಿನವನು, ಮೀಟರ್ ನೋಡುವವನು ಮತ್ತು ದಾರಿ ತಪ್ಪಿದ ಒಂದು ಆಡು. ಆಡು ಸ್ವಲ್ಪ ಹೊತ್ತು ನಿಂತಿತ್ತು.

ಇಂಥ ಮನುಷ್ಯ ಒಂದು ದಿನ ಕಣ್ಣು ತೋರಿಸಲು ಬೆಳಗಾವಿಗೆ ಹೋದ. ಹಿಂದಿರುಗಿ ಬಂದಾಗ ಔಷಧ ಹಾಕಿಸಿಕೊಂಡ ಕಣ್ಣು ಕೆಂಪಗಾಗಿತ್ತು. ಸೀದಾ ನಮ್ಮ ಕಿಟಕಿಗೇ ಬಂದ.

"ನೇತ್ರಾ, ಒಂದ ಮಾತ ಹೇಳ್ತೇನಿ, ಯಾರ ಮುಂದೂ ಆಡಬ್ಯಾಡ."

ನಾನು ಯಾರ ಮುಂದೂ ಏನನ್ನೂ ಆಡುವವಳಲ್ಲ ಎಂಬುದು ಓಣಿಗೆಲ್ಲ ಗೊತ್ತು. ಅದಕ್ಕೇ ನನ್ನನ್ನು ಆರಿಸಿಕೊಂಡಿದ್ದ.

"ಡಾಕ್ಟರ್ ಕಡೆ ಕುಂದರೂ ಜಾಗಾದಾಗ ಒಂದ ಗಾಜಿನ ತೊಟ್ಟಿ ಐತೆವಾ. ಅದರಾಗ ಸಮುದ್ರದ ನೀರ, ಸಮುದ್ರದ ಮೀನ. ಪೇಶೆಂಟ್ ಮಂದಿ ಎಲ್ಲಾ ಅದರ ಸುತ್ತನ ನಿಂತಿದ್ರು. ಒಬ್ಬಾಕಿ ಮುದುಕಿ ನನ್ನ ಕೇಳಿದ್ಲು, 'ಇದ್ಯಾವ ಮೀನೋ ಯಪ್ಪಾ?' ಅಂತ. ನನಗೂ ಗೊತ್ತಿಲ್ಲಬೇ ಅಂದ್ನಿ. ಆಮ್ಯಾಲ ಆಕಿ ತನ್ನ ಸೊಸಿ ಸುದ್ದಿ ಹೇಳಿದ್ಲು, ಗುಡ್ಡದ ಹೊಲದ ಸುದ್ದಿ ಹೇಳಿದ್ಲು. ನನ್ನ ಪಾಳಿ ಬಂದು ಹೆಸರ ಕರದ್ರೂ ನಾ ಏಳಲಿಲ್ಲ." ಕಾಕಾ ಉಸಿರು ತಿರುಗಿಸಿಕೊಂಡ. "ಮೀನ ಇದ್ದಲ್ಲೆ ಮಂದಿ ನಿಂದರತಾರವಾ."

ಹೊಳೆಯ ಮೀನು ಅವನಿಗೆ ಬೇಡ. ಘಟಪ್ರಭೆಯ ಮೀನು ನೋಡಲು ಯಾರು ಬರುತ್ತಾರೆ? ಸಮುದ್ರದ ಮೀನೇ ಬೇಕು, ಕಿತ್ತಳೆ ಬಣ್ಣಕ್ಕೆ ಬಿಳಿಯ ಪಟ್ಟಿ ಇರುವಂಥದು. ಇದನ್ನು ಗುಟ್ಟಾಗಿ ಇಡಲು ಕಾರಣವೂ ಇತ್ತು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಓಣಿ, ಬಾಜೂಕ್ಕೆ ಜೈನರ ಮನೆಗಳು. ಮೀನು ಎಂಬ ಮಾತು ಮೊದಲು ಬಂದರೆ ಮೂಗು ಮುಚ್ಚಿಕೊಳ್ಳುತ್ತಾರೆ. ಮೀನೇ ಮೊದಲು ಬಂದರೆ ಬಾಯಿ ತೆರೆದು ನೋಡುತ್ತಾರೆ. ಇದು ಕಾಕಾನ ಲೆಕ್ಕ.

ಬೆಳಗಾವಿಯ ಮೀನಿನ ಅಂಗಡಿಯ ಹುಡುಗ ಸಮ್ಮೇದ ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದ. ಕಾಕಾ ಫೋನನ್ನು ನಮ್ಮ ಕಟ್ಟೆಯ ಮೇಲೆ ಇಟ್ಟಿದ್ದರಿಂದ ನಾನೂ ಕಲಿತೆ. ಮೇಲೆ ಮೀನಿನ ದೊಡ್ಡ ತೊಟ್ಟಿ. ಕೆಳಗೆ ಸ್ಟ್ಯಾಂಡಿನ ಒಳಗೆ ಇನ್ನೊಂದು ಸಣ್ಣ ತೊಟ್ಟಿ. ಮನೆಯ ಮುಂದೆ ನೀರು ತುಂಬಿಡುವ ಸಂಪಿನಂತೆ ಅದರ ಹೆಸರೂ ಸಂಪು. ಮೇಲಿನ ನೀರು ಪೈಪಿನಿಂದ ಸಂಪಿಗೆ ಇಳಿಯುತ್ತದೆ, ಅಲ್ಲಿ ಸೋಸಿಕೊಂಡು ಸ್ವಚ್ಛವಾಗುತ್ತದೆ, ಪಂಪು ಮತ್ತೆ ಮೇಲೆ ಕಳಿಸುತ್ತದೆ. ಹಗಲೂ ರಾತ್ರಿ ಹೀಗೇ ನಡೆಯುತ್ತಿರಬೇಕು.

"ಸಂಪ್ ದೊಡ್ಡದ ತಗೋರಿ ಕಾಕಾ," ಎಂದ ಸಮ್ಮೇದ. "ಕರೆಂಟ್ ಹೋದ ಕೂಡ್ಲೆ ಪಂಪ್ ನಿಂದರತೈತಿ. ಪೈಪಿನ ಬಾಯಿಮಟ ಇದ್ದ ಮ್ಯಾಲಿನ ನೀರ ಎಲ್ಲಾ ಕೆಳಗ ಬರತೈತಿ. ಅದಕ್ಕ ಸಂಪಿನಾಗ ಖಾಲಿ ಜಾಗ ಇರಬೇಕು."

"ಎಷ್ಟ ಖಾಲಿ?"

"ಅರ್ಧಾ ಖಾಲಿ ಇದ್ರ ಛಲೋ."

ಕಾಕಾ ನನ್ನನ್ನು ನೋಡಿದ, ತನ್ನ ಮನೆಯನ್ನು ನೋಡಿದ. ಪಡಸಾಲೆ, ನಡುಮನೆ, ದೇವರ ಕೋಣೆ, ಹಿತ್ತಲು, ಎಲ್ಲವೂ ಅವನೊಬ್ಬನಿಗೆ.

"ತಮ್ಮಾ," ಎಂದ, "ನನ್ನ ಮನ್ಯಾಗ ಬೇಕಾದಷ್ಟ ಖಾಲಿ ಜಾಗ ಐತಿ. ಮತ್ತ ಬೆಳಗಾವಿಯಿಂದ ಗಾಡಿ ಮಾಡಿ ಖಾಲಿ ಜಾಗಾನ ತರೂದೇನ? ಸಣ್ಣದ ಕಳಸು."

ಸಮ್ಮೇದ ಎರಡು ಮೂರು ಸಲ ಹೇಳಿನೋಡಿದ. ದಿನವೂ ಹೊರಡುವ ಬಸ್ಸುಗಳಲ್ಲಿ ಖಾಲಿ ಸೀಟು ನೋಡಿ ನೋಡಿ ಸಾಕಾದ ಮನುಷ್ಯನಿಗೆ ಅದು ಹಿಡಿಸಲಿಲ್ಲ.

ತೊಟ್ಟಿ ಬಂದದ್ದು ಮಧ್ಯಾಹ್ನ, ಓಣಿಯವರು ಮಲಗಿದ ಹೊತ್ತಿಗೆ. ಎಲ್ಲರೂ ಮಲಗಿದ್ದರೆಂದು ಕಾಕಾ ತಿಳಿದಿದ್ದ. ನಮ್ಮ ಆಯಿ, ಅಂದರೆ ನನ್ನ ಅಜ್ಜಿ ಶಿವಗಂಗವ್ವ ಮಲಗಿದಂತೆ ಮಾಡಿ ಒಂದು ಕಣ್ಣು ತೆರೆದಿದ್ದಳು. ಟೆಂಪೋದಿಂದ ನಾಲ್ವರು ಸೇರಿ ದೊಡ್ಡ ಗಾಜಿನ ಪೆಟ್ಟಿಗೆಯನ್ನು ಮೆಲ್ಲಗೆ ಇಳಿಸಿ, ಮಾತಾಡದೆ ಒಳಗೆ ಒಯ್ದದ್ದನ್ನು ಆಕೆ ನೋಡಿದಳು. ಏನೂ ಕೇಳಲಿಲ್ಲ. ಆಮೇಲೆ ಬೇಕಾಗಬಹುದೆಂದು ಮನಸ್ಸಿನಲ್ಲಿ ಇಟ್ಟುಕೊಂಡಳು.

ಕಾಕಾ ರಜೆ ಹಾಕಿ ಒಳಗೆ ಕೂತು ಪೈಪು ಜೋಡಿಸಿದ. ಮೊದಲು ಸಾದಾ ನೀರು ತುಂಬಿ ಎಲ್ಲಿಯಾದರೂ ಸೋರುತ್ತದೆಯೇ ಎಂದು ನೋಡಬೇಕಂತೆ, ಉಪ್ಪು ಆಮೇಲೆ. ಧೂಳು ಬೀಳದಿರಲೆಂದು ತೊಟ್ಟಿಯ ಮೇಲಿನಿಂದ ಕೆಳಗಿನವರೆಗೆ ತನ್ನ ಬಿಳಿಯ ಧೋತರವನ್ನು ಹೊದಿಸಿದ. ಮತ್ತೆ ರಾವಸಾಹೇಬರ ಕಿರಾಣಿ ಅಂಗಡಿಗೆ ಫೋನು ಮಾಡಿದ. ಸಮುದ್ರದ ಮೀನಿಗೆ ಬೇರೆಯೇ ಉಪ್ಪು ಬೇಕು, ಅದನ್ನು ನಾನೇ ಕಳಿಸುತ್ತೇನೆ ಎಂದು ಸಮ್ಮೇದ ಹೇಳಿದ್ದ. ಉಪ್ಪಿನಲ್ಲಿ ಬೇರೆ ಎಂಥದು ಎಂದು ಕಾಕಾ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಫೋನು ಎತ್ತಿದ್ದು ರಾವಸಾಹೇಬರ ಹೆಂಡತಿ ಸೀತಾಬಾಯಿ.

"ಶಿದ್ರಾಮನ ಮನಿಯಿಂದ ಮಾತಾಡೂದರಿ. ಎರಡ ಚೀಲ ಕಲ್ಲುಪ್ಪು ನಾಳಿ ಮುಂಜಾನೆ ಕಳಸ್ರಿ."

ಮೈಕಿನಲ್ಲಿ ಅವನ ದನಿಯನ್ನು ಸೀತಾಬಾಯಿ ವರ್ಷಗಟ್ಟಲೆ ಕೇಳಿದ್ದಾಳೆ. ಮೈಕಿಲ್ಲದೆ ಅವನು ಮಾತಾಡಿದ್ದನ್ನು ಕೇಳಿಯೇ ಇರಲಿಲ್ಲ. ಯಾರೋ ಬೇರೆ ಗಂಡಸು ಎಂದುಕೊಂಡಳು.

ಇಲ್ಲಿ ನಮ್ಮ ಕಡೆಯ ಒಂದು ವಾಡಿಕೆಯನ್ನು ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಗುಂಡಿಯಲ್ಲಿ ವಿಭೂತಿ, ಪತ್ರಿ, ಸುತ್ತಲೂ ಚೀಲಗಟ್ಟಲೆ ಉಪ್ಪು. ಒಂದು ಮನೆಯಿಂದ ಎರಡು ಚೀಲ ಕಲ್ಲುಪ್ಪು ಒಮ್ಮೆಗೇ ಕೇಳಿದರೆ ಅದು ಉಪ್ಪಿನಕಾಯಿಗಲ್ಲ. ಅಂಥ ಹೊತ್ತಿನಲ್ಲಿ ಅಂಗಡಿಯವರು "ಯಾಕೆ?" ಎಂದು ಕೇಳಬಾರದು. ಉಪ್ಪಿನ ಮೇಲೆ ಒಂದು ವಿಭೂತಿ ಗಟ್ಟಿ ಇಟ್ಟು ಸುಮ್ಮನೆ ಕಳಿಸಬೇಕು. ರಾವಸಾಹೇಬರು ಜೈನರು, ಆದರೆ ಉಪ್ಪು ಮಾರಿ ತಲೆ ನೆರೆದವರು. ಅವರಿಗೆ ನಮ್ಮ ವಾಡಿಕೆ ನಮಗಿಂತ ಚೆನ್ನಾಗಿ ಗೊತ್ತು.

"ಶಿದ್ರಾಮನ ಮನ್ಯಾಗ ಯಾರ ಅದಾರ?" ಎಂದು ಕೇಳಿದರು.

"ಶಿದ್ರಾಮ ಒಬ್ಬಾವನ," ಎಂದಳು ಸೀತಾಬಾಯಿ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಮರುದಿನ ಬೆಳಗ್ಗೆ ಕಾಕಾ ತೊಟ್ಟಿಯ ನೀರು ಓಡಿಸಿ, ಪೈಪಿಗೆ ಒಂದು ವಾಲ್ವ್ ಕಡಿಮೆ ಬಿದ್ದಿತೆಂದು ಮೊದಲ ಬಸ್ಸಿಗೆ ಗೋಕಾಕಿಗೆ ಹೋದ. ಹೋಗುವಾಗ ನನ್ನ ಕಿಟಕಿಗೆ ಬಂದು, "ನೇತ್ರಾ, ಒಳಗ ನೀರ ತಿರಗಾಕತ್ತೇತಿ. ಬಾಗಲಾ ಬರೇ ಚಿಲಕಾ ಹಾಕೇನಿ. ಒಂದ ಕಣ್ಣ ಇಡವಾ," ಎಂದ. ಫೋನನ್ನು ಮನೆಯಲ್ಲೇ ಮರೆತ.

ಉಪ್ಪಿನ ಚೀಲಗಳನ್ನು ರಾವಸಾಹೇಬರು ಗಾಡಿಯಲ್ಲಿ ಹಾಕಿಕೊಂಡು ತಾವೇ ಬಂದರು. ಬಾಗಿಲಿಗೆ ಹೊರಗಿನಿಂದ ಚಿಲಕ. ಫೋನು ಹಚ್ಚಿದರೆ ಒಳಗೆ ಹೊಡೆದುಕೊಳ್ಳುತ್ತಿದೆ, ಎತ್ತುವವರಿಲ್ಲ. ಬಸ್ ಸ್ಟ್ಯಾಂಡಿನ ಕಡೆಯಿಂದ ಮೈಕಿನ ದನಿ ಕೇಳಿಸಿತು. ಬೇರೆ ಯಾರದೋ ದನಿ. ರಾವಸಾಹೇಬರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಶಿವಗಂಗವ್ವಾ," ಎಂದರು ನಮ್ಮ ಆಯಿಗೆ, "ಏನರೆ ಗೊತ್ತೈತೇನ್ರಿ?"

ಆಯಿ ಕಾಯ್ದಿಟ್ಟುಕೊಂಡಿದ್ದನ್ನು ತೆಗೆಯುವ ಹೊತ್ತು ಬಂದಿತ್ತು. "ಗಾಜಿನ ಪೆಟ್ಟಿಗಿ ಬಂದದ್ದ ನಾ ಕಣ್ಣಾರೆ ನೋಡೇನ್ರಿ ಸಾವಕಾರ್ರ. ನಾಕ ಮಂದಿ, ಬಾಯಿಂದ ಒಂದ ಮಾತ ಇಲ್ಲ."

"ಐಸಿನ ಪೆಟ್ಟಿಗಿ!" ಎಂದರು ರಾವಸಾಹೇಬರು. "ಹೆಣ ಕೆಡಬಾರದಂತ ಇಡ್ತಾರಲ್ಲ, ಅದ."

ನಾನು ಕಿಟಕಿಯಿಂದ ಹೇಳಿದೆ, "ಕಾಕಾ ಗೋಕಾಕಕ್ಕ ಹೋಗ್ಯಾರ್ರಿ." ಅಷ್ಟರಲ್ಲಿ ಭಜನೆಯ ಲಕ್ಕಪ್ಪ ಬಂದು ಅಳಲು ಶುರು ಮಾಡಿದ್ದ. ಅವನಿಗೆ ನನ್ನ ಮಾತಿನ ಬಾಲ ಮಾತ್ರ ಮುಟ್ಟಿತು. "ಹೌದವಾ ತಂಗಿ," ಎಂದ, "ಎಲ್ಲಾರೂ ಹೋಗೂದ ಒಂದಿನ."

ಮತ್ತೊಮ್ಮೆ ಹೇಳಿದೆ. ಸೀತಾಬಾಯಿ ಬಂದು ನನ್ನ ಕೆನ್ನೆ ಸವರಿ, "ಕೂಸ ಗಾಬರಿ ಆಗೇತಿ," ಎಂದಳು. ಮೂರನೆಯ ಸಲ ಹೇಳಿದ್ದು ನನಗೇ ಕೇಳಿಸಲಿಲ್ಲ.

ರಕ್ತಸಂಬಂಧಿಗಳು ಬರುವವರೆಗೆ ಬಾಗಿಲು ತೆಗೆಯಬಾರದೆಂದು ಲಕ್ಕಪ್ಪ ನಿಯಮ ಹೇಳಿದ. ಯಮಕನಮರಡಿಯಲ್ಲಿರುವ ತಂಗಿ ಶೋಭಾಳಿಗೆ ಫೋನು ಹೋಯಿತು. ಅಷ್ಟೊತ್ತಿಗೆ ಓಣಿಯೆಲ್ಲ ಕಟ್ಟೆಯ ಮೇಲೆ ಬಂದು ಕೂತಿತು. ವಾರ್ಡಿನ ಮೆಂಬರ ದುಂಡಪ್ಪ ದೊಡ್ಡದೊಂದು ಹೂವಿನ ಹಾರ ಹಿಡಿದು ಬಂದ. ಕುಳ್ಳಿರಿಸಿ ಒಯ್ಯುವ ವಿಮಾನ ಕಟ್ಟಲು ಬಿದಿರೂ ಬಂತು. ಕೂತವರೆಲ್ಲ ಕಾಕಾನ ಸುದ್ದಿ ತೆಗೆದರು.

"ದಿನಾ ನನ್ನ ಜೋಡಿನ ಚಾ ಕುಡೀತಿದ್ದ," ಎಂದ ಲಕ್ಕಪ್ಪ.

"ಏನ ಇದ್ರೂ ನನ್ನ ಕೇಳಲಾರದ ಮಾಡ್ತಿದ್ದಿಲ್ಲ," ಎಂದ ದುಂಡಪ್ಪ.

"ನಗತಿದ್ದ ನಗತಿದ್ದ ನಮ್ಮ ಅಂಗಡಿಗೆ ಬರ್ತಿದ್ದ," ಎಂದರು ರಾವಸಾಹೇಬರು.

ನಾನು ಕಿಟಕಿಯಲ್ಲಿ ಕೂತು ಇಷ್ಟು ವರ್ಷ ಯಾವ ಓಣಿಯನ್ನು ನೋಡುತ್ತಿದ್ದೆನೋ ನನಗೇ ತಿಳಿಯದಾಯಿತು.

ಶೋಭಾ ಬಾಡಿಗೆ ಕಾರಿನಿಂದ ಇಳಿಯುತ್ತಲೇ ಎದೆ ಬಡಿದುಕೊಂಡಳು. "ಯಣ್ಣಾ! ಹ್ವಾದ ವಾರ ಫೋನ್ ಮಾಡಿದ್ಯಲ್ಲೋ! ಏನ ಕೆಲಸಿತ್ತ ಅಂತ ಕೇಳಿದ್ರ, ಸುಮ್ಮನ ಮಾಡೇನಿ ಅಂದ್ಯಲ್ಲೋ! ಸುಮ್ಮನ ಯಾಕ ಮಾಡ್ತಿ ಅಂತ ಫೋನ್ ಇಟ್ಟಬಿಟ್ಟೆನಲ್ಲೋ ಯಣ್ಣಾ!" ಅದನ್ನು ಕೇಳಿ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದರು. ನಾನೂ ಹಿಡಿದೆ, ಕಾಕಾ ಜೀವಂತ ಇದ್ದಾನೆಂದು ಗೊತ್ತಿದ್ದೂ ಅಳು ಬಂತು.

ಚಿಲಕ ತೆಗೆದರು. ನಡುಮನೆಯಲ್ಲಿ ಬಿಳಿಯ ಧೋತರ ಹೊದ್ದುಕೊಂಡು ಪೆಟ್ಟಿಗೆ ನಿಂತಿತ್ತು. ಒಳಗಿನಿಂದ ಗುಳುಗುಳು ಸದ್ದು.

"ಐಸ್ ಮಶೀನಿನ ಸಪ್ಪಳ," ಎಂದು ರಾವಸಾಹೇಬರು ಮೆಲ್ಲಗೆ ತಿಳಿಸಿದರು.

ದುಂಡಪ್ಪ ಪೆಟ್ಟಿಗೆಯ ಉದ್ದ ಅಗಲವನ್ನು ಕಣ್ಣಲ್ಲೇ ಅಳೆದ. "ಗಿಡ್ಡ ಐತೆಲ್ಲ? ಶಿದ್ರಾಮ ನನ್ನಷ್ಟ ಎತ್ತರ ಇದ್ದ. ಮಲಗಸಾಕ ಹೆಂಗ ಸಾಲತೈತಿ?"

"ಮಲಗಸೂದ ಯಾಕ?" ಎಂದ ಲಕ್ಕಪ್ಪ. "ನಮ್ಮ ಮಂದಿನ್ನ ಕುಂದರ್ಸೂದಲ್ಲ? ಇದು ಕುಂತವರ ಪೆಟ್ಟಿಗಿ. ಈಗ ಹೊಸಾದ ಬಂದಿರಬೇಕು."

"ನಮ್ಮವರ ಸಲುವಾಗೆ ಬ್ಯಾರೆ ಮಾಡ್ಯಾರಂದ್ರ!" ದುಂಡಪ್ಪನ ಎದೆ ಸ್ವಲ್ಪ ಉಬ್ಬಿತು.

ಧೋತರ ಎತ್ತಲು ಯಾರಿಗೂ ಧೈರ್ಯವಿರಲಿಲ್ಲ. ಸ್ವಾಮಿಗಳು ಬರಲಿ ಎಂದರು. ಲಕ್ಕಪ್ಪ ತಾಳ ತೆಗೆದು ಭಜನೆ ಶುರು ಮಾಡಿದ. ಎಲ್ಲರೂ ಪೆಟ್ಟಿಗೆಯ ಸುತ್ತ ಒತ್ತೊತ್ತಾಗಿ ಕೂತರು. ಆ ನಡುಮನೆ ಅಷ್ಟು ತುಂಬಿದ್ದನ್ನು ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಭಜನೆ ಮುಗಿಯುತ್ತಲೇ ದುಂಡಪ್ಪ ಎದ್ದು ಹಾರ ಹಿಡಿದುಕೊಂಡೇ ಭಾಷಣಕ್ಕೆ ನಿಂತ.

"ಶಿದ್ರಾಮಣ್ಣ ಈ ಓಣಿಯ ಆಸ್ತಿ. ಅವನ ಜಾಗಾ ತುಂಬೂದ ಯಾರಿಂದಲೂ..."

ಕರೆಂಟ್ ಹೋಯಿತು.

ಗುಳುಗುಳು ನಿಂತಿತು. ಆಮೇಲೆ ಧೋತರದ ಒಳಗೆ ಯಾರೋ ಬಾಯಿ ಮುಕ್ಕಳಿಸಿದಂತೆ ಸದ್ದಾಯಿತು. ಮೇಲಿನ ನೀರು ಕೆಳಗಿಳಿಯಿತು. ಕೆಳಗಿನ ಸಂಪಿನಲ್ಲಿ ಖಾಲಿ ಜಾಗವಿರಲಿಲ್ಲ. ಸ್ಟ್ಯಾಂಡಿನ ಸಂದಿಯಿಂದ ತಣ್ಣನೆಯ ನೀರು ಹರಿದು ಬಂದು ಮುಂದಿನ ಸಾಲಿನವರ ತೊಡೆಯ ಕೆಳಗೆ ಹೊಕ್ಕಿತು.

"ಐಸ್ ಕರಗಾಕತ್ತೇತ್ರೋ!" ಎಂದು ಲಕ್ಕಪ್ಪ ಹಾರಿ ನಿಂತ.

ಆಮೇಲೆ ಆದದ್ದನ್ನು ವರ್ಣಿಸುವುದು ಕಷ್ಟ. ಸೀತಾಬಾಯಿ ಸೀರೆ ಎತ್ತಿ ಹಿಡಿದು ಬಕೀಟಿಗೆ ಓಡಿದಳು. ಆಯಿ ಕೌದಿ ತಂದು ನೀರಿಗೆ ಅಡ್ಡ ಹಾಕಿದಳು. ಗಂಡಸರು ಸಾಲಾಗಿ ನಿಂತು ಕೈಯಿಂದ ಕೈಗೆ ಬಕೀಟು ದಾಟಿಸಿ ನೀರನ್ನು ಹಿತ್ತಲಿಗೆ ಚೆಲ್ಲಿದರು. ಶೋಭಾ ಅಳುತ್ತಲೇ ನೆಲ ಒರೆಸಿದಳು. ದುಂಡಪ್ಪ ಕರೆಂಟಿನ ಆಫೀಸಿಗೆ ಫೋನು ಹಚ್ಚಿ, "ಎಷ್ಟೊತ್ತಿಗೆ ಬರತೈತಿ ಹೇಳ್ರಿ ಮೊದಲ! ಇಲ್ಲೆ ಮನಷ್ಯಾ ಕೆಡಾಕತ್ತಾನ!" ಎಂದು ಒದರಿದ. ಅತ್ತ ಕಡೆಯವರು, "ಯಾವ ಮನಷ್ಯಾ ರೀ?" ಎಂದಿರಬೇಕು. "ಬಸ್ ಸ್ಟ್ಯಾಂಡ್ ಶಿದ್ರಾಮ!" ಎಂದ.

"ಏನ್ರಿ?" ಎಂದ ಬಾಗಿಲಲ್ಲಿ ನಿಂತಿದ್ದ ಶಿದ್ರಾಮ ಕಾಕಾ.

ಹೆಗಲ ಮೇಲೆ ಪೈಪು, ಕೈಯಲ್ಲಿ ವಾಲ್ವಿನ ಚೀಲ. ಲಕ್ಕಪ್ಪನ ತಾಳ ನೀರಿಗೆ ಬಿದ್ದು ಸದ್ದಾಯಿತು. ರಾವಸಾಹೇಬರು ಗೋಡೆಗೆ ಆತುಕೊಂಡರು. ಶೋಭಾ ಓಡಿ ಹೋಗಿ ಅಣ್ಣನನ್ನು ತಬ್ಬಿ, ಬಿಟ್ಟು, ಒಂದು ಏಟು ಹಾಕಿ, ಮತ್ತೆ ತಬ್ಬಿಕೊಂಡಳು.

ಕಾಕಾ ಏಟಿನ ಕಡೆ ಲಕ್ಷ್ಯ ಕೊಡಲಿಲ್ಲ. ಮನೆ ತುಂಬಿದ ಮಂದಿಯನ್ನು ಒಬ್ಬೊಬ್ಬರನ್ನಾಗಿ ನೋಡಿದ. ಒದ್ದೆಯಾದ ಧೋತರಗಳು, ಬಕೀಟುಗಳು, ಹಾರ.

"ಎಲ್ಲಾರೂ ಬಂದೀರಿ," ಎಂದ. "ಮೀನ ಇನ್ನೂ ಬಂದಿಲ್ರಿ. ಬರೇ ತೊಟ್ಟಿ ನೋಡಾಕ ಇಷ್ಟ ಮಂದಿ..." ನನ್ನ ಕಡೆ ತಿರುಗಿದ. "ನೀನ ಹೇಳಿದೇನವಾ ನೇತ್ರಾ?"

ನಾನು ತಲೆ ಅಲ್ಲಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೂ ಗೊತ್ತಿಲ್ಲ.

ಆಗ ನಮ್ಮ ಆಯಿ, ಎಂಬತ್ತು ದಾಟಿದ ಮುದುಕಿ, ಒದ್ದೆ ಕೌದಿಯನ್ನು ಹಿಂಡುತ್ತ ಅಂದಳು, "ಹೌದಪ್ಪಾ. ತೊಟ್ಟಿ ನೋಡಾಕ ಬಂದೀವಿ. ಓಣ್ಯಾಗ ಒಂದ ಹೊಸಾ ಸಾಮಾನ ಬಂದ್ರ ನೋಡಬಾರ್ದೇನ? ದುಂಡಪ್ಪಾ, ಏನೋ ಮಾತಾಡಾಕತ್ತಿದ್ದಿ, ಮಾತಾಡು."

ದುಂಡಪ್ಪ ಚುನಾವಣೆ ಗೆದ್ದವನು ಸುಮ್ಮನೆ ಅಲ್ಲ. ಗಂಟಲು ಸರಿಮಾಡಿಕೊಂಡ. "ಶಿದ್ರಾಮಣ್ಣ ಈ ಓಣಿಯ ಆಸ್ತಿ. ಅವನ ಜಾಗಾ ತುಂಬೂದ ಯಾರಿಂದಲೂ ಆಗಂಗಿಲ್ಲ, ಯಾಕಂದ್ರ ಆ ಜಾಗಾದಾಗ... ಅಂವಾ ತೊಟ್ಟಿ ಇಟ್ಟಾನ! ಈ ತೊಟ್ಟಿ ಉದ್ಘಾಟನಾ ಆತಂತ ಸಾರಾಕ ನನಗ ಭಾಳ ಸಂತೋಷ ಆಗತೈತಿ." ಹಾರವನ್ನು ತೊಟ್ಟಿಗೆ ಹಾಕಿದ. ಲಕ್ಕಪ್ಪ ಒದ್ದೆ ತಾಳ ಬಾರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಕಾಕಾ ಧೋತರ ಎತ್ತಿದ. ಎಲ್ಲರೂ ಬಗ್ಗಿ ನೋಡಿದರು. ನೀರು.

"ಇದರಾಗ ಏನೈತಿ?" ಎಂದರು ರಾವಸಾಹೇಬರು.

"ಇನ್ನೂ ಏನೂ ಇಲ್ರಿ."

"ಛಲೋ ಐತಿ," ಎಂದರು ರಾವಸಾಹೇಬರು, ಮನಸಾರೆ.

ಕರೆಂಟ್ ಬರುವವರೆಗೆ ಎಲ್ಲರೂ ಕೂತರು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು, ಒಬ್ಬರು ಹೋದರೆ ಬಕೀಟಿಗೆ ಕೈ ಸಾಲದು. ಕಾಕಾ ಚಹಾ ಮಾಡಿದ. ಕಪ್ಪುಗಳು ಸಾಲದೆ ಲೋಟ, ವಾಟಿ, ಕೊನೆಗೆ ಕಾಶೆವ್ವಜ್ಜಿಯ ಎಣ್ಣೆಯ ತಂಬಿಗೆಯೂ ಹೊರಬಂದವು. ದೀಪ ಬರುತ್ತಲೇ ಒಬ್ಬೊಬ್ಬರಾಗಿ ಎದ್ದರು. ಬಿದಿರಿನವರು ಹಿತ್ತಲಿನಿಂದ ಸದ್ದಿಲ್ಲದೆ ಬಿದಿರು ಸಾಗಿಸಿದರು.

ಎಲ್ಲರೂ ಹೋದಮೇಲೆ ಕಾಕಾ ಕಟ್ಟೆಯ ಮೇಲಿನ ಉಪ್ಪಿನ ಚೀಲ ಒಳಗೆ ಎಳೆಯಲು ಬಂದ. ಚೀಲದ ಮೇಲೆ ವಿಭೂತಿ ಗಟ್ಟಿ ಇತ್ತು. ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಆಮೇಲೆ ಹಿತ್ತಲ ಕಡೆ ನೋಡಿದ, ಬಿದಿರು ಎಳೆದ ಗೆರೆ ಮಣ್ಣಲ್ಲಿ ಮೂಡಿತ್ತು. ನಾನು ಕಿಟಕಿಯಲ್ಲಿ ಸೂಜಿಗೆ ದಾರ ಪೋಣಿಸುವವಳಂತೆ ತಲೆ ತಗ್ಗಿಸಿದೆ.

"ರಾವಸಾಹೇಬರು ಭಾಳ ಛಲೋ ಮಂದಿ," ಎಂದ ಕಾಕಾ, ಯಾರಿಗೂ ಅಲ್ಲದಂತೆ. ಗಟ್ಟಿಯನ್ನು ಉಜ್ಜಿ ಹಣೆಗೆ ಹಚ್ಚಿಕೊಂಡು ಒಳಗೆ ಹೋದ. ಆ ವಿಷಯ ಮತ್ತೆಂದೂ ಎತ್ತಲಿಲ್ಲ.

ತೊಟ್ಟಿಯ ನೀರಿಗೆ ಸಮ್ಮೇದ ಕಳಿಸಿದ ಉಪ್ಪು ಬಿತ್ತು. ಅದು ಹದಕ್ಕೆ ಬಂದಮೇಲೆ ಸಮ್ಮೇದ ತಾನೇ ಮೀನು ತಂದು ಬಿಟ್ಟ. ಎರಡು ಮೀನು, ಒಂದೊಂದೂ ನನ್ನ ಹೆಬ್ಬೆರಳಿನಷ್ಟು. ಕಾಕಾ ಗರಿಗರಿ ಅಂಗಿ ಹಾಕಿಕೊಂಡು ಓಣಿಗೆಲ್ಲ ಹೇಳಿಬಂದ. ಓಣಿಯೂ ಬಂತು.

"ಇಷ್ಟ ಸಣ್ಣವೇನ?" ಎಂದ ದುಂಡಪ್ಪ.

"ತಿನ್ನೂದೇನ ಅವು?" ಎಂದಳು ಸೀತಾಬಾಯಿ, ಅನುಮಾನದಿಂದ. ಏನನ್ನು ತಿನ್ನುತ್ತವೆ ಎಂದು ಕಾಕಾ ಹೇಳಲಿಲ್ಲ.

"ಲಿಂಗ ಕಟ್ಟಿಕೊಂಡು ಮೀನ ಸಾಕಿದ್ಯಲ್ಲೋ," ಎಂದಳು ಆಯಿ. ಆದರೂ ಮೀನಿಗೆ ಕೈ ಮುಗಿದಳು.

ಕಾಕಾ ಚಹಾಕ್ಕೆ ಇಡುವಷ್ಟರಲ್ಲಿ ಎಲ್ಲರೂ ಹೋಗಿಬಿಟ್ಟಿದ್ದರು. ಬೆಳಗಾವಿಯ ಡಾಕ್ಟರ ಕಡೆ ಮಂದಿ ನಿಂತದ್ದು ಮೀನಿಗಾಗಿ ಅಲ್ಲ, ಪಾಳಿ ಬಾರದ್ದಕ್ಕೆ ಎಂಬುದು ಅವನಿಗೆ ಆಗ ಹೊಳೆದಿರಬೇಕು. ಮರುದಿನದಿಂದ ಆ ನಡುಮನೆಯಲ್ಲಿ ಮೂವರು: ತೊಟ್ಟಿಯ ಕಲ್ಲಿನ ಸಂದಿಯಲ್ಲಿ ಇಬ್ಬರು, ಕುರ್ಚಿಯಲ್ಲಿ ಒಬ್ಬ.

ಕೆಲವು ದಿನ ಬಿಟ್ಟು ಸಮ್ಮೇದ ಮೀನು ಹೇಗಿವೆ ಎಂದು ನೋಡಲು ಬಂದ, ಟೆಂಪೋದಲ್ಲಿ ದೊಡ್ಡ ಸಂಪನ್ನೂ ತಂದಿದ್ದ. "ಸಣ್ಣದ ಕೊಡ್ರಿ ಕಾಕಾ, ಇದನ್ನ ಇಟ್ಟ ಹೋಗ್ತೇನಿ. ಇಲ್ಲಂದ್ರ ಕರೆಂಟ್ ಹೋದಾಗೊಮ್ಮೆ ಮನಿತುಂಬ ನೀರ ಆಗತೈತಿ."

ಕಾಕಾ ಒಪ್ಪುವುದರಲ್ಲಿದ್ದ. ಹಳೆಯ ಸಂಪನ್ನು ಬಿಚ್ಚಲು ಸಮ್ಮೇದ ಕೈಹಾಕಿಯೂ ಆಗಿತ್ತು. ಆಗ ಕರೆಂಟ್ ಹೋಯಿತು. ನೀರು ಹರಿದು ಕಟ್ಟೆಗೆ ಬಂತು.

ಬಾಜೂಕಿನ ಬಾಗಿಲು ತೆರೆಯಿತು. ಸೀತಾಬಾಯಿ ಬಕೀಟು ಹಿಡಿದು ಓಡಿ ಬಂದಳು. "ಏ ಶಿದ್ರಾಮಾ, ಮೀನ ಅದಾವಿಲ್ಲೋ?" ಹಿಂದೆಯೇ ಲಕ್ಕಪ್ಪ, ತೋಳ ತುಂಬ ಬಟ್ಟೆ, "ಹಳೀ ಅರಬಿ ತಂದೇನಿ." ರಾವಸಾಹೇಬರು ಅಂಗಡಿಯ ಗಲ್ಲೆ ಬಿಟ್ಟು ಬಂದರು. ದುಂಡಪ್ಪ ಬಂದು ಬಕೀಟು ಹಿಡಿಯದೆ ಎಲ್ಲರಿಗೂ ಹಿಡಿಯುವ ರೀತಿ ಹೇಳಿಕೊಟ್ಟ. ಬರೇ ನೋಡಲು ಬಂದಾಗ ನಿಲ್ಲದವರು ನೆಲ ಒರೆಸಲು ಬಂದು ಕೂತರು. ಒರೆಸುತ್ತ ಸೀತಾಬಾಯಿ ಹಲ್ಲುನೋವಿನ ಸುದ್ದಿ ಹೇಳಿದಳು. ಲಕ್ಕಪ್ಪ ಅಳಿಯನ ಸುದ್ದಿ ತೆಗೆದ. ಚಹಾ ಎರಡು ಸಲ ಆಯಿತು.

ಕರೆಂಟ್ ಬಂದು, ಎಲ್ಲರೂ ಎದ್ದು ಹೋದಮೇಲೆ ಸಮ್ಮೇದ ಕೇಳಿದ, "ಕಾಕಾ, ದೊಡ್ಡ ಸಂಪ್ ಹಚ್ಚಲೇನ್ರಿ?"

"ಬ್ಯಾಡ ತಮ್ಮಾ," ಎಂದ ಕಾಕಾ. "ಸಣ್ಣದ ಬರೋಬರಿ ಐತಿ."

ಆ ಬೇಸಿಗೆ ಕಾಕಾನಿಗೆ ಸುಖದ ಬೇಸಿಗೆ. ಕರೆಂಟ್ ಹಗಲು ಹೋಗುತ್ತಿತ್ತು, ಸಂಜೆ ಹೋಗುತ್ತಿತ್ತು. ಹೋದಾಗಲೆಲ್ಲ ಓಣಿ ಸರ್ಕಾರವನ್ನು ಬೈಯುತ್ತ ಬಕೀಟು ಹಿಡಿದು ಬರುತ್ತಿತ್ತು. ನಾನೂ ಹೋಗುತ್ತಿದ್ದೆ. ನೆಲ ಒರೆಸುವಾಗ ತಲೆ ತಗ್ಗಿಸಿರಬಹುದು, ಮಾತಾಡದಿದ್ದರೂ ಯಾರೂ ಕೇಳುವುದಿಲ್ಲ. ನನಗೆ ಅದು ಹೊಂದುತ್ತಿತ್ತು. ಒಮ್ಮೆ ಶೋಭಾಳೂ ಯಮಕನಮರಡಿಯಿಂದ ಫೋನು ಮಾಡಿ, "ನಿಮ್ಮಲ್ಲೆ ಕರೆಂಟ್ ಐತೇನೋ?" ಎಂದು ಸುಮ್ಮನೆ ಕೇಳಿದಳಂತೆ.

ಆಮೇಲೆ ನಮ್ಮ ಓಣಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ದುಂಡಪ್ಪನೇ ತರಿಸಿದ್ದು, ಅದಕ್ಕೂ ಹಾರ ಹಾಕಿದ. ಕರೆಂಟ್ ಹೋಗುವುದು ನಿಂತೇಹೋಯಿತು. ಎಲ್ಲರೂ ಖುಷಿಪಟ್ಟರು. ಸಂಜೆ ಎಲ್ಲ ಮನೆಗಳಲ್ಲಿ ಟಿವಿ. ಕಾಕಾ ಬಸ್ ಸ್ಟ್ಯಾಂಡಿನಿಂದ ಬಂದು ಕಟ್ಟೆಯ ಮೇಲೆ ಕೂತು ತಂತಿಯ ಕಡೆ ನೋಡುತ್ತಿದ್ದ. ಬಲ್ಬು ಒಮ್ಮೆ ಮಿಣುಕಿದರೆ ಅರ್ಧ ಎದ್ದು ನಿಲ್ಲುತ್ತಿದ್ದ. ಅದು ಮತ್ತೆ ಚೆನ್ನಾಗಿ ಉರಿಯುತ್ತಿತ್ತು. ಕಾಕಾ ಮತ್ತೆ ಕೂರುತ್ತಿದ್ದ. ಹಾಲಿನವನು ಬರುತ್ತಿದ್ದ, ಹೋಗುತ್ತಿದ್ದ. ಆಡು ಕೂಡ ತನ್ನ ಮನೆಯ ದಾರಿ ಕಲಿತುಬಿಟ್ಟಿತ್ತು.

ಒಂದು ಸಂಜೆ ಲೈಟು ಹಚ್ಚುವ ಹೊತ್ತು. ಕಾಕಾ ಹೊರಗೆ ಬಂದು ಅತ್ತ ಇತ್ತ ನೋಡಿದ. ನನ್ನ ಕಿಟಕಿಯನ್ನು ನೋಡಲಿಲ್ಲ. ಅಲ್ಲಿ ನಾನಿರುತ್ತೇನೆ ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಗೋಡೆಯ ಮೇಲಿನ ಮೀಟರ್ ಪೆಟ್ಟಿಗೆ ತೆಗೆದ. ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟುಕೊಂಡು ನಿಂತ. ಆಮೇಲೆ ಫ್ಯೂಜು ಕಿತ್ತ.

ಅವನ ಮನೆ ಕತ್ತಲಾಯಿತು. ಒಳಗೆ ನೀರು ಇಳಿಯುವ ಸದ್ದು ನನಗೆ ಇಲ್ಲಿಗೇ ಕೇಳಿಸಿತು. ನಮ್ಮ ಮನೆಯಲ್ಲಿ, ರಾವಸಾಹೇಬರ ಮನೆಯಲ್ಲಿ, ಲಕ್ಕಪ್ಪನ ಮನೆಯಲ್ಲಿ ದೀಪಗಳು ಝಗಝಗ ಉರಿಯುತ್ತಿದ್ದವು. ಕಾಕಾ ಕಟ್ಟೆಯ ಮೇಲೆ ನಿಂತು ಎಲ್ಲ ಬಾಗಿಲುಗಳನ್ನು ನೋಡಿದ. ಒಂದೂ ತೆರೆಯಲಿಲ್ಲ. ತೆರೆಯುವುದಾದರೂ ಯಾಕೆ?

ನಾನು ಸೂಜಿ ಬಿಟ್ಟೆ. ಬಕೀಟು ಹಿಡಿದು ಓಣಿಯ ನಡುವೆ ಹೋಗಿ ನಿಂತೆ.

"ಕರೆಂಟ್ ಹೋತ್ರೀ!" ಎಂದೆ. "ಕಾಕಾನ ಮನ್ಯಾಗ ನೀರ ಬಂತು! ಎಲ್ಲಾರೂ ಬರ್ರೀ!"

ಅದು ನನ್ನ ದನಿಯೇ. ಮೈಕಿನಲ್ಲಿ ಬಂದಂತೆ ಓಣಿಯ ಆ ತುದಿಗೆ ತಟ್ಟಿ ತಿರುಗಿ ಬಂತು.

ಲಕ್ಕಪ್ಪ ಹೊರಗೆ ಬಂದ, ಹಿಂದೆ ಅವನ ಟಿವಿ ಮಾತಾಡುತ್ತಲೇ ಇತ್ತು. ರಾವಸಾಹೇಬರು ಬಂದು ತಮ್ಮ ಬಾಗಿಲ ದೀಪವನ್ನು ನೋಡಿದರು, ಕಾಕಾನ ಕತ್ತಲು ಮನೆಯನ್ನು ನೋಡಿದರು, ತೆರೆದೇ ಇದ್ದ ಮೀಟರ್ ಪೆಟ್ಟಿಗೆಯನ್ನು ನೋಡಿದರು. ಸೀತಾಬಾಯಿ ಬಾಯಿ ತೆರೆಯುವುದರಲ್ಲಿದ್ದಳು.

ನಮ್ಮ ಆಯಿ ಹೊಸ್ತಿಲಿಗೆ ಬಂದಳು. ನನ್ನನ್ನು ನೋಡಿದಳು. ಮೊದಲ ಸಲ ನೋಡಿದವಳಂತೆ ನೋಡಿದಳು. ಒಳಗೆ ಕೈ ಚಾಚಿ ನಮ್ಮ ಬಲ್ಬನ್ನು ಟಕ್ಕನೆ ಆರಿಸಿದಳು.

"ನಮ್ಮದೂ ಹೋತ ನೋಡವಾ," ಎಂದಳು.

ರಾವಸಾಹೇಬರು ಒಳಗೆ ಹೋದರು. ಅವರ ಮನೆಯ ದೀಪ ಹೋಯಿತು. ಲಕ್ಕಪ್ಪನ ಟಿವಿ ಅರ್ಧ ಮಾತಿಗೆ ನಿಂತಿತು. ಆಚೆ ಮನೆಯದು, ಅದರಾಚೆ ಮನೆಯದು, ಒಂದೊಂದಾಗಿ ಓಣಿಯೆಲ್ಲ ಕತ್ತಲಾಯಿತು. ಕತ್ತಲಲ್ಲಿ ಬಕೀಟಿನ ಹಿಡಿಕೆಗಳು ಕಣಕಣ ಎಂದವು.

"ಎಲ್ಲಾರದೂ ಹೋತೇನ್ರಿ?" ಎಂದು ಕಾಕಾ ಕಟ್ಟೆಯಿಂದ ಕೇಳಿದ. ದನಿ ಸಣ್ಣಗಿತ್ತು.

"ಎಲ್ಲಾರದೂ ಹೋಗೇತಿ," ಎಂದರು ರಾವಸಾಹೇಬರು. "ಚಾ ಇಡು."

ಓಣಿಯ ತುದಿಯ ಬೀದಿದೀಪವೊಂದು ಮಾತ್ರ ಉರಿಯುತ್ತಲೇ ಇತ್ತು. ಅದರ ಕಡೆ ಯಾರೂ ನೋಡಲಿಲ್ಲ.